ಚರಿತ್ರೆಯು ನಮ್ಮ ವಕೀಲನಲ್ಲ

(ಪದವಿ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಉನ್ನತ ಶಿಕ್ಷಣದ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ನಮ್ಮನ್ನು ಕರೆದಿದ್ದಾರೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳ ಮಾತು ಬರುತ್ತದೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಆದುದರಿಂದ ನಾವು ಯಾರೂ ಕೇಳದ ಒಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ಒಂದು ಪ್ರದೇಶದ ಧರ್ಮ ಮತ್ತು ಸಂಸ್ಕೃತಿಯ ಚರಿತ್ರೆಯನ್ನು ಅಧ್ಯಯನ ಮಾಡುವುದರಲ್ಲೇ ಒಬ್ಬ ವಿದ್ವಾಂಸ ತನ್ನ ಇಡೀ ವೃತ್ತಿಜೀವನವನ್ನು ಕಳೆದರೆ ಏನಾಗುತ್ತದೆ? ಅದರಿಂದ ನಮಗೇನು ಪ್ರಯೋಜನ? ಈ ಪ್ರಶ್ನೆಗಳಿಗೆ ಉತ್ತರವಾಗಿ ನಮ್ಮ ನಾಡಿನೊಂದಿಗೆ ನೇರ ಸಂಬಂಧವಿರುವ ಒಬ್ಬ ವಿದ್ವಾಂಸರ ಕೆಲಸವನ್ನು ನಿಮ್ಮ ಮುಂದಿಡುತ್ತೇವೆ. ಅವರ ಹೆಸರು ರಿಚರ್ಡ್ ಎಂ. ಈಟನ್.

ಈ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ದೇವಾಲಯ ಧ್ವಂಸದ ಚರ್ಚೆ ಎದ್ದಾಗಲೆಲ್ಲ ನಮ್ಮ ಭಾಷಣಕಾರರು ಈ ಹೆಸರನ್ನು ಎತ್ತುತ್ತಾರೆ. 'ಅಮೆರಿಕದ ಪ್ರೊಫೆಸರರೇ ಹೇಳಿದ್ದಾರೆ, ಒಟ್ಟು ಎಂಬತ್ತೇ ಎಂಬತ್ತು' ಎಂದು ಅಂಕಿಯೊಂದನ್ನು ಮುಂದಿಟ್ಟು ಚಪ್ಪಾಳೆ ಗಿಟ್ಟಿಸುತ್ತಾರೆ. ಆ ಅಂಕಿಯ ಹಿಂದೆ ದಶಕಗಳ ದುಡಿಮೆಯಿದೆ. ಆ ದುಡಿಮೆ ನಮ್ಮನ್ನು ಸಂತೋಷಪಡಿಸಲು ನಡೆದುದಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಭಾಷೆಯಿಂದ ಆರಂಭವಾದ ದಾರಿ

ಈಟನ್ 1940ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಾ ಪಡೆಯ ಸದಸ್ಯರಾಗಿ ಇರಾನಿಗೆ ಹೋದರು. ಫಾರ್ಸಿ ಭಾಷೆಯ ನಂಟು ಅವರನ್ನು ಭಾರತದ ಚರಿತ್ರೆಯ ಕಡೆಗೆ ಕರೆತಂದಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ 1972ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಸಂಶೋಧನೆಗೆ ಅವರು ಆರಿಸಿಕೊಂಡದ್ದು ದೆಹಲಿಯನ್ನಲ್ಲ, ಆಗ್ರಾವನ್ನಲ್ಲ, ನಮ್ಮ ಬಿಜಾಪುರವನ್ನು, ಅಂದರೆ ಇಂದಿನ ವಿಜಯಪುರವನ್ನು. ಗೋಲ್ ಗುಂಬಜ್ ನೋಡಿ ಪ್ರವಾಸಿಗರು ಮರಳುವ ಊರಿನಲ್ಲಿ ಅವರು ದರ್ಗಾಗಳ ಹಸ್ತಪ್ರತಿಗಳನ್ನೂ ಇನಾಮು ಜಮೀನಿನ ಹಳೆಯ ಕಾಗದಗಳನ್ನೂ ಹುಡುಕಿದರು. ಅದರ ಫಲವಾಗಿ 1978ರಲ್ಲಿ 'ಸೂಫೀಸ್ ಆಫ್ ಬಿಜಾಪುರ್' ಎಂಬ ಗ್ರಂಥ ಪ್ರಕಟವಾಯಿತು. ಅದರ ಕಾಲವ್ಯಾಪ್ತಿ 1300ರಿಂದ 1700ರವರೆಗೆ.

ಅಲ್ಲಿಯವರೆಗೆ ಸೂಫಿಗಳ ಕುರಿತು ಎರಡು ರೀತಿಯ ಬರಹಗಳಿದ್ದವು. ಒಂದು, ಪವಾಡಗಳ ಪಟ್ಟಿ. ಇನ್ನೊಂದು, ಅವರೆಲ್ಲರೂ ಶಾಂತಿದೂತರು, ಅವರಿಂದಲೇ ಊರಿಗೆ ಊರೇ ಇಸ್ಲಾಮಿಗೆ ಬಂದಿತು ಎಂಬ ಸರಳ ಕಥನ. ಈಟನ್ ಕೇಳಿದ ಪ್ರಶ್ನೆ ಬೇರೆ. ಈ ಸೂಫಿಗಳು ಸಮಾಜದಲ್ಲಿ ನಿಜಕ್ಕೂ ಯಾವ ಪಾತ್ರ ವಹಿಸಿದರು? ಅವರು ಯಾರ ಅನ್ನ ಉಂಡರು? ಅರಮನೆಗೆ ಎಷ್ಟು ಹತ್ತಿರವಿದ್ದರು?

ಅವರು ಕಂಡ ಉತ್ತರ ಒಂದಲ್ಲ, ಹಲವು. ಆರಂಭದ ಕಾಲದಲ್ಲಿ ಸೈನ್ಯಗಳೊಂದಿಗೆ ಬಂದ ಯೋಧ ಸೂಫಿಗಳು, ಅರಸನ ಸಡಿಲ ನಡವಳಿಕೆಯನ್ನು ತಿದ್ದಲು ಹೊರಟ ಸುಧಾರಕ ಸೂಫಿಗಳು, ಗ್ರಂಥ ಹಾಗೂ ಹಾಡುಗಳನ್ನು ರಚಿಸಿದ ಸಾಹಿತಿ ಸೂಫಿಗಳು, ಸರಕಾರದ ಇನಾಮು ಪಡೆದು ಜಮೀನ್ದಾರರಾದ ಸೂಫಿಗಳು, ಇವೆಲ್ಲವನ್ನೂ ಧಿಕ್ಕರಿಸಿ ನಡೆದ ದರವೇಶಿಗಳು. ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದ ರೀತಿನೀತಿಯನ್ನು ಒಪ್ಪದ ಸಯ್ಯದ್ ಸಿಬ್ಗತುಲ್ಲಾಹ್ ಊರು ತೊರೆದು ಹಿಜಾಝಿಗೆ ಹೋಗಿ ಮದೀನಾದಲ್ಲಿ ಕೊನೆಯುಸಿರೆಳೆದರು. ಇಂದಿನ ಯಾದಗಿರಿ ಜಿಲ್ಲೆಯ ಗೋಗಿಯ ಮಹಮೂದ್ ಬಹ್ರಿಯವರು ದರವೇಶಿಯಾಗಿ ಬಾಳಿದರು. ಇವರಿಬ್ಬರನ್ನೂ ಒಂದೇ ಅಚ್ಚಿನಲ್ಲಿ ಹಾಕಲು ಹೇಗೆ ಸಾಧ್ಯ?

ಈ ವಿಂಗಡಣೆಯನ್ನು ಎಲ್ಲರೂ ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ಯೋಧ ಸೂಫಿಗಳ ಕಥೆಗಳು ಅವರು ಬಾಳಿದ ಕಾಲಕ್ಕಿಂತ ಬಹಳ ತಡವಾಗಿ ರಚನೆಯಾದ ಸಂತಚರಿತ್ರೆಗಳಲ್ಲಿ ಬರುತ್ತವೆ. ಅವುಗಳನ್ನು ಆಧಾರವಾಗಿ ಹಿಡಿಯುವುದು ಎಷ್ಟು ಸರಿ ಎಂದು ಖುಲ್ದಾಬಾದಿನ ಸೂಫಿಗಳ ಕುರಿತು 1992ರಲ್ಲಿ ಗ್ರಂಥ ಬರೆದ ಕಾರ್ಲ್ ಅರ್ನ್ಸ್ಟ್ ಆಕ್ಷೇಪವೆತ್ತಿದರು. ವಿದ್ವತ್ತು ಸಾಗುವುದೇ ಹೀಗೆ. ಒಬ್ಬನು ಆಧಾರವನ್ನು ಮುಂದಿಡುತ್ತಾನೆ, ಇನ್ನೊಬ್ಬನು ಆ ಆಧಾರವನ್ನು ತೂಗಿ ನೋಡುತ್ತಾನೆ. ಅಲ್ಲಿ ಫತ್ವಾ ಇಲ್ಲ, ಬಹಿಷ್ಕಾರವೂ ಇಲ್ಲ.

ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು

ಇಲ್ಲಿ ನೆರೆದಿರುವ ತಾಯಂದಿರು ಗಮನಿಸಬೇಕಾದ ಒಂದು ಸಂಗತಿಯಿದೆ. ಬಿಜಾಪುರದ ಹೊರವಲಯದ ಶಾಹಪುರ ದಿಬ್ಬದಲ್ಲಿ ಚಿಶ್ತೀ ಪರಂಪರೆಯ ಒಂದು ನೆಲೆಯಿತ್ತು. ಮೀರಾಂಜಿ ಶಂಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ ಇವರೆಲ್ಲ ಆ ಪರಂಪರೆಯವರು. ಅವರು ಜನರಾಡುವ ದಖನಿ ಭಾಷೆಯಲ್ಲಿ ಬರೆದರು. ಇಂತಹ ಸೂಫಿಗಳ ಬಳಗದಿಂದ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳು ಹುಟ್ಟಿದವು. ಚಕ್ಕಿನಾಮಾ ಬೀಸುವಾಗ ಹಾಡುವ ಹಾಡು, ಚರಖಾನಾಮಾ ನೂಲುವಾಗ ಹಾಡುವ ಹಾಡು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನ ಏಕತ್ವವನ್ನು ಅವು ನೆನಪಿಸುತ್ತಿದ್ದವು.

1974ರ ಲೇಖನವೊಂದರಲ್ಲಿ ಈಟನ್ ಈ ಹಾಡುಗಳ ಮಹತ್ವವನ್ನು ವಿವರಿಸಿದರು. ಸೂಫಿಗಳ ತಾತ್ವಿಕ ಗ್ರಂಥಗಳು ಓದು ಬಲ್ಲ ಕೆಲವರಿಗಷ್ಟೇ ತಲುಪುತ್ತಿದ್ದವು. ಆದರೆ ಈ ಹಾಡುಗಳು ಅಕ್ಷರ ಬಾರದ ಮನೆಗಳನ್ನು ಹೊಕ್ಕವು. ಹಾಡಿದವರು ಹೆಂಗಸರು, ಪಕ್ಕದಲ್ಲಿ ಕುಳಿತು ಕೇಳಿದವರು ಮಕ್ಕಳು. ದಖ್ಖನಿನ ಸಾಮಾನ್ಯ ಜನರೊಳಗೆ ಇಸ್ಲಾಮಿನ ಮಾತುಗಳು ಇಳಿದ ಒಂದು ಮುಖ್ಯ ದಾರಿ ಇದಾಗಿತ್ತು ಎಂಬುದು ಅವರ ಅಭಿಪ್ರಾಯ.

ನಮ್ಮ ಪೂರ್ವಿಕರ ಕಥೆ ಹೇಳುವಾಗ ನಾವು ಎಷ್ಟು ಬಾರಿ ಸುಲ್ತಾನರ ಹೆಸರು ಹೇಳಿದ್ದೇವೆ? ಎಷ್ಟು ಬಾರಿ ಅರಬ್ ವ್ಯಾಪಾರಿಗಳ ಹೆಸರು ಹೇಳಿದ್ದೇವೆ? ಬೀಸುಕಲ್ಲಿನ ಮುಂದೆ ಕುಳಿತಿದ್ದ ಆ ಅಜ್ಜಿಯ ಹೆಸರು ಯಾವ ಶಜರಾದಲ್ಲಿದೆ? ಆಕೆಯನ್ನು ನಮಗೆ ತೋರಿಸಿಕೊಟ್ಟವನು ಎಲ್ಲೋ ದೂರದಿಂದ ಬಂದ, ನಮ್ಮ ಧರ್ಮದವನಲ್ಲದ ಒಬ್ಬ ಸಂಶೋಧಕ.

ಕತ್ತಿಯೂ ಅಲ್ಲ, ಕರಾಮತ್ತೂ ಅಲ್ಲ

ಬಿಜಾಪುರದ ಬಳಿಕ ಈಟನ್ ಬಂಗಾಳದ ಕಡೆಗೆ ತಿರುಗಿದರು. 1872ರಲ್ಲಿ ಬಂಗಾಳದಲ್ಲಿ ಮೊದಲ ಜನಗಣತಿ ನಡೆದಾಗ ಬ್ರಿಟಿಷ್ ಅಧಿಕಾರಿಗಳೇ ಬೆರಗಾಗಿದ್ದರು. ಮುಸ್ಲಿಮರು ಹಳೆಯ ರಾಜಧಾನಿಗಳ ಸುತ್ತ ಹೆಚ್ಚಾಗಿರಬೇಕೆಂಬ ನಿರೀಕ್ಷೆಯಿತ್ತು. ಆದರೆ ಚಿತ್ತಗಾಂಗ್, ನವಖಾಲಿ, ಪಾಬ್ನಾ, ರಾಜಶಾಹಿಯಂತಹ ಜಿಲ್ಲೆಗಳಲ್ಲಿ ಅವರ ಪ್ರಮಾಣ ಶೇ. 70ನ್ನು ಮೀರಿತ್ತು. ಅವರಲ್ಲಿ ಬಹುತೇಕರು ಭತ್ತ ಬೆಳೆಯುವ ರೈತರು. ಇದು ಹೇಗಾಯಿತು?

ಈ ಪ್ರಶ್ನೆಗೆ ಉತ್ತರವಾಗಿ ಅವರು 1993ರಲ್ಲಿ 'ದಿ ರೈಸ್ ಆಫ್ ಇಸ್ಲಾಮ್ ಆ್ಯಂಡ್ ದಿ ಬೆಂಗಾಲ್ ಫ್ರಾಂಟಿಯರ್' ಎಂಬ ಗ್ರಂಥ ಬರೆದರು. ಕತ್ತಿಯ ಬಲದಿಂದ ಮತಾಂತರ ನಡೆದಿದ್ದರೆ ಮುಸ್ಲಿಮ್ ಆಡಳಿತ ಅತ್ಯಂತ ಬಲವಾಗಿದ್ದ ದೆಹಲಿ, ಆಗ್ರಾ ಸುತ್ತಮುತ್ತ ಮುಸ್ಲಿಮರು ಅತಿ ಹೆಚ್ಚಿರಬೇಕಿತ್ತು. ಹಾಗಿಲ್ಲ. ಆಡಳಿತದ ಅಂಚಿನಲ್ಲಿದ್ದ ಪೂರ್ವ ಬಂಗಾಳ, ಪಶ್ಚಿಮ ಪಂಜಾಬುಗಳಲ್ಲಿ ಅವರು ಹೆಚ್ಚಿದ್ದಾರೆ. ಅದಕ್ಕಿಂತಲೂ ಮಿಗಿಲಾಗಿ, ಬಂಗಾಳದ ಮೊಘಲ್ ಸುಬೇದಾರನಾಗಿದ್ದ ಇಸ್ಲಾಮ್ ಖಾನನು ಸೋತ ಪಾಳೆಯಗಾರನ ಮಗನನ್ನು ಇಸ್ಲಾಮಿಗೆ ಸೇರಿಸಿಕೊಂಡ ತನ್ನ ಅಧಿಕಾರಿಯನ್ನೇ ಶಿಕ್ಷಿಸಿದ ಪ್ರಸಂಗವನ್ನು ಅವರು ಸಮಕಾಲೀನ ಫಾರ್ಸಿ ಬರಹದಿಂದ ಎತ್ತಿ ತೋರಿಸುತ್ತಾರೆ.

ಆದರೆ ನಾವು ಪ್ರೀತಿಯಿಂದ ಹೇಳಿಕೊಳ್ಳುವ ಇನ್ನೊಂದು ಕಥೆಯನ್ನೂ ಅವರು ಹಾಗೆಯೇ ಬಿಡುವುದಿಲ್ಲ. ಜಾತಿಯ ದೌರ್ಜನ್ಯದಿಂದ ಬೇಸತ್ತ ಜನ ಇಸ್ಲಾಮಿನ ಸಮಾನತೆಯನ್ನು ಕಂಡು ಒಮ್ಮೆಲೇ ಬಂದರು ಎಂಬ ಕಥೆ ಅದು. ಪೂರ್ವ ಬಂಗಾಳದಲ್ಲಿ ಬ್ರಾಹ್ಮಣ ಧರ್ಮದ ಹಿಡಿತವೇ ತೀರ ದುರ್ಬಲವಾಗಿತ್ತು, ಇರದ ಹಿಡಿತದಿಂದ ಬಿಡುಗಡೆ ಎಲ್ಲಿಂದ ಎಂದು ಅವರು ಕೇಳುತ್ತಾರೆ. ಅವರು ಚಿತ್ತಗಾಂಗ್ ಹಾಗೂ ಸಿಲ್ಹೆಟ್‌ನ ಕಲೆಕ್ಟರ್ ಕಚೇರಿಗಳ ದಾಖಲೆ ಕೊಠಡಿಗಳಲ್ಲಿದ್ದ ಹಳೆಯ ಸನದುಗಳನ್ನು ಓದಿದರು. ಗಂಗೆಯ ಮುಖ್ಯ ಹರಿವು ಪೂರ್ವಕ್ಕೆ ಸರಿದಂತೆ ಹೊಸ ನೆಲ ಕೃಷಿಗೆ ತೆರೆದುಕೊಂಡಿತು. ಮೊಘಲ್ ಸರಕಾರವು ಕಾಡು ಕಡಿದು ಗದ್ದೆ ಮಾಡುವವರಿಗೆ ಕಂದಾಯವಿಲ್ಲದ ಭೂಮಿ ನೀಡಿತು. ಅದನ್ನು ಪಡೆದ ಹಲವರು ಅಲ್ಲಿ ಮಸೀದಿ ಕಟ್ಟಿದರು. ದುಡಿಯಲು ಬಂದ ಜನ ಮಸೀದಿಯ ಸುತ್ತ ನೆಲೆಸಿದರು. ದೇವಾಲಯಗಳಿಗೂ ಬ್ರಾಹ್ಮಣರಿಗೂ ಇಂತಹ ದಾನಗಳು ಸಂದಿದ್ದವು. ಒಟ್ಟಿನಲ್ಲಿ ಕಾಡು, ನದಿ, ನೇಗಿಲು ಮತ್ತು ಮಸೀದಿ ಒಟ್ಟಾಗಿ ತಲೆಮಾರುಗಳ ಅವಧಿಯಲ್ಲಿ ಆ ಸಮಾಜವನ್ನು ರೂಪಿಸಿದವು.

ಪಂಜಾಬಿನ ಸಿಯಾಲ್ ಕುಲದ ವಂಶಾವಳಿಗಳನ್ನು ಅಧ್ಯಯನ ಮಾಡಿದಾಗಲೂ ಅವರಿಗೆ ಇದೇ ನಿಧಾನಗತಿ ಕಂಡಿತು. ಮುಸ್ಲಿಮ್ ಹೆಸರುಗಳು ಒಂದೊಂದಾಗಿ ಹೆಚ್ಚುತ್ತಾ ಹೋಗಿ ಇಡೀ ಕುಲವನ್ನು ವ್ಯಾಪಿಸಲು 19ನೇ ಶತಮಾನದ ಆರಂಭದವರೆಗೆ ಕಾಲ ಹಿಡಿಯಿತು. ಅಲ್ಲಿ ಒಂದು ದಿನ, ಒಂದು ಕತ್ತಿ, ಒಂದು ಪವಾಡ ಎಂಬುದಿಲ್ಲ.

ಎಂಬತ್ತರ ಅಂಕಿ

ಈಗ ಆ ಪ್ರಸಿದ್ಧ ಅಂಕಿಗೆ ಬರೋಣ. ಮುಸ್ಲಿಮ್ ಅರಸರು ಅರವತ್ತು ಸಾವಿರ ದೇವಾಲಯಗಳನ್ನು ಒಡೆದರೆಂಬ ಪ್ರಚಾರ ಜೋರಾಗಿದ್ದ ಕಾಲದಲ್ಲಿ ಈಟನ್ ಶಾಸನಗಳನ್ನೂ ಸಮಕಾಲೀನ ಬರಹಗಳನ್ನೂ ಜಾಲಾಡಿದರು. 'ಫ್ರಂಟ್‌ಲೈನ್' ಪಾಕ್ಷಿಕದ 2000ದ ಡಿಸೆಂಬರ್ ಹಾಗೂ 2001ರ ಜನವರಿ ಸಂಚಿಕೆಗಳಲ್ಲಿ ಅವರ ದೀರ್ಘ ಲೇಖನ ಪ್ರಕಟವಾಯಿತು. 1192ರಿಂದ 1729ರವರೆಗಿನ ಅವಧಿಯಲ್ಲಿ ಸಾಕಷ್ಟು ಖಚಿತವಾಗಿ ಹೇಳಬಹುದಾದ ಎಂಬತ್ತು ಪ್ರಕರಣಗಳನ್ನು ಅವರು ಪಟ್ಟಿ ಮಾಡಿದರು. ಸೋತ ಅರಸನ ಅಧಿಕಾರದ ಸಂಕೇತವಾಗಿದ್ದ ರಾಜದೇವಾಲಯಗಳೇ ಹೆಚ್ಚಾಗಿ ಗುರಿಯಾದವು, ಇಂತಹ ಕೃತ್ಯ ಮುಸ್ಲಿಮರು ಬರುವುದಕ್ಕೆ ಮೊದಲೇ ಇಲ್ಲಿ ನಡೆಯುತ್ತಿತ್ತು ಎಂಬುದು ಅವರ ವಾದ. ಪಲ್ಲವರು ಬಾದಾಮಿಯನ್ನು ಗೆದ್ದಾಗ ಅಲ್ಲಿಂದ ಗಣಪತಿಯ ವಿಗ್ರಹವನ್ನು ಕೊಂಡೊಯ್ದುದನ್ನು ಅವರು ಉದಾಹರಿಸುತ್ತಾರೆ.

ನಮ್ಮ ಭಾಷಣಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಲೇಖನ ಇಲ್ಲಿಗೆ ನಿಲ್ಲುವುದಿಲ್ಲ. ಎಂಬತ್ತು ಎಂದರೆ ಸೊನ್ನೆಯಲ್ಲ. ಆ ಪಟ್ಟಿಯಲ್ಲಿ ಔರಂಗಝೇಬನ ಕಾಲದ ಕಾಶಿಯ ವಿಶ್ವನಾಥ ದೇವಾಲಯವಿದೆ, ಮಥುರೆಯ ಕೇಶವದೇವ ದೇವಾಲಯವಿದೆ. ಒಂದೊಂದು ಪ್ರಕರಣದ ಹಿಂದೆಯೂ ಅಲ್ಲಿ ಪೂಜಿಸುತ್ತಿದ್ದ ಜನರಿದ್ದರು. ಎಂಬತ್ತು ಎಂಬುದು ದಾಖಲೆಗೆ ಸಿಕ್ಕಿದ ಸಂಖ್ಯೆಯೇ ಹೊರತು ನಡೆದ ಎಲ್ಲದರ ಲೆಕ್ಕವಲ್ಲ. ರಾಜಕೀಯ ಕಾರಣಕ್ಕೆ ಹೆಚ್ಚು ಒತ್ತು ಕೊಟ್ಟು ಧಾರ್ಮಿಕ ಪ್ರೇರಣೆಯನ್ನು ಅವರು ಕಡಿಮೆಯಾಗಿ ಕಂಡಿದ್ದಾರೆ ಎಂಬ ಟೀಕೆಯೂ ಇದೆ. ಈಟನ್ ಅವರನ್ನು ಓದುವುದಾದರೆ ಇದನ್ನೆಲ್ಲ ಸೇರಿಸಿಯೇ ಓದಬೇಕು.

ಚರಿತ್ರೆಕಾರನನ್ನು ನಾವು ವಕೀಲನಂತೆ ಕಾಣುತ್ತೇವೆ. ನಮ್ಮ ಪರವಾಗಿ ವಾದಿಸಿದರೆ ಒಳ್ಳೆಯವನು, ವಿರುದ್ಧ ಬರೆದರೆ ಪೂರ್ವಗ್ರಹಪೀಡಿತ. ಎದುರು ಪಾಳೆಯದವರೂ ಇದನ್ನೇ ಮಾಡುತ್ತಾರೆ. ಆದರೆ ಸ್ವತಃ ತಮ್ಮ ವಿರುದ್ಧವಾದರೂ, ಹೆತ್ತವರ ಅಥವಾ ಬಂಧುಗಳ ವಿರುದ್ಧವಾದರೂ ಸತ್ಯದ ಸಾಕ್ಷ್ಯ ನುಡಿಯಬೇಕೆಂದು ಪವಿತ್ರ ಕುರ್‌ಆನ್ ನಮಗೆ ಆದೇಶಿಸಿದೆ. ಸತ್ತು ಮುನ್ನೂರು ವರ್ಷವಾದ ಬಾದಶಹನು ನಮ್ಮ ಹೆತ್ತವನೂ ಅಲ್ಲ, ಬಂಧುವೂ ಅಲ್ಲ. ಅವನನ್ನು ಸಮರ್ಥಿಸುವ ಹೊಣೆಯನ್ನು ನಮಗೆ ಯಾರು ಹೊರಿಸಿದರು?

ಅದೇ ಲೇಖನದಲ್ಲಿ ನಮ್ಮ ಬಸವಕಲ್ಯಾಣದ ಮಾತೂ ಬರುತ್ತದೆ. ಅಲ್ಲಿ ಸ್ಥಳೀಯ ಗಲಭೆಯಿಂದ ಶಿವ ದೇವಾಲಯವೊಂದರ ಪೂಜೆ ನಿಂತುಹೋಗಿದ್ದಾಗ ಮುಹಮ್ಮದ್ ಬಿನ್ ತುಘಲಕನ ಅಧಿಕಾರಿಗಳು ಅದನ್ನು ದುರಸ್ತಿಗೊಳಿಸಿ ಪೂಜೆ ಮರಳಿ ನಡೆಯುವಂತೆ ಮಾಡಿದರೆಂದು 1326ರ ಸಂಸ್ಕೃತ ಶಾಸನ ತಿಳಿಸುತ್ತದೆ. ಒಡೆದುದಕ್ಕೂ ದಾಖಲೆಯಿದೆ, ಕಟ್ಟಿದುದಕ್ಕೂ ದಾಖಲೆಯಿದೆ. ಎರಡನ್ನೂ ಒಟ್ಟಿಗೆ ಹೇಳುವವನ ಮಾತನ್ನು ಮಾತ್ರ ಜನ ನಂಬುತ್ತಾರೆ.

ದಖ್ಖನಿಗೆ ಮರಳಿದ ವಿದ್ವಾಂಸ

ಈಟನ್ ಮತ್ತೆ ದಖ್ಖನಿಗೆ ಬಂದರು. 2005ರ ಗ್ರಂಥದಲ್ಲಿ ಎಂಟು ವ್ಯಕ್ತಿಗಳ ಬಾಳಿನ ಮೂಲಕ ನಾಲ್ಕೂವರೆ ಶತಮಾನಗಳ ಸಾಮಾಜಿಕ ಚರಿತ್ರೆ ಹೇಳಿದರು. ಅವರಲ್ಲಿ ಗುಲ್ಬರ್ಗದ ಗೇಸೂದರಾಝ್, ಬೀದರಿನ ಮಹಮೂದ್ ಗವಾನ್, ವಿಜಯನಗರದ ರಾಮರಾಯ, ಗುಲಾಮಗಿರಿಯಿಂದ ಮೇಲೆದ್ದ ಮಲಿಕ್ ಅಂಬರ್ ಇದ್ದಾರೆ. ಸಂತ ತುಕಾರಾಮ್ ಇದ್ದಾರೆ, ರಾಣಿ ತಾರಾಬಾಯಿಯೂ ಇದ್ದಾರೆ. 2014ರಲ್ಲಿ ಫಿಲಿಪ್ ವ್ಯಾಗನರ್ ಅವರೊಂದಿಗೆ ಸೇರಿ ಕಲ್ಯಾಣ, ರಾಯಚೂರು, ವಾರಂಗಲ್ಲುಗಳ ಕೋಟೆ ಕೊತ್ತಲಗಳನ್ನು ಅಧ್ಯಯನ ಮಾಡಿದರು. ಬಿಜಾಪುರದ ಒಳಕೋಟೆಯ ಬಾಗಿಲಲ್ಲಿ ನಿಂತಿರುವ ಚಾಲುಕ್ಯ ಕಂಬಗಳನ್ನು ಬರಿಯ ಲೂಟಿಯ ಮಾಲೆಂದು ನೋಡಬಾರದು, ಹಿಂದಿನ ಚಾಲುಕ್ಯರ ಹಿರಿಮೆಗೆ ತಾವೂ ವಾರಸುದಾರರೆಂದು ಆದಿಲ್ ಶಾಹಿಗಳು ಸಾರಿಕೊಂಡ ಬಗೆಯದು ಎಂದು ಅವರಿಬ್ಬರೂ ವಿವರಿಸಿದರು. 2019ರ ಗ್ರಂಥದಲ್ಲಿ ಸಾವಿರದಿಂದ 1765ರವರೆಗಿನ ಕಾಲವನ್ನು 'ಮುಸ್ಲಿಮ್ ಯುಗ' ಎಂದು ಕರೆಯುವುದೇ ತಪ್ಪೆಂದು ವಾದಿಸಿದರು. ಫಾರ್ಸಿಯ ಲೋಕ ಮತ್ತು ಸಂಸ್ಕೃತದ ಲೋಕ ಒಂದರೊಳಗೊಂದು ಹೆಣೆದುಕೊಂಡ ಕಾಲ ಅದು. ವಿಜಯನಗರದ ಅರಸರೇ ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು, ಅಂದರೆ ಹಿಂದೂ ರಾಯರಲ್ಲಿ ಸುಲ್ತಾನ ಎಂದು ಕರೆದುಕೊಂಡಿದ್ದರಲ್ಲವೇ?

ನಮ್ಮ ಮನೆಗಳ ಮಾತು

ಸಹೋದರರೇ, ಇಲ್ಲಿಂದ ಮುಂದಿನ ಮಾತು ನಮ್ಮದು. ಈ ಕೆಲಸಕ್ಕೆ ಫಾರ್ಸಿ ಬೇಕು, ಅರಬಿ ಬೇಕು, ದಖನಿ ಉರ್ದು ಬೇಕು, ಕನ್ನಡ ಬೇಕು. ಅಮೆರಿಕದ ಒಬ್ಬ ತರುಣನು ಫಾರ್ಸಿಗಾಗಿ ಇರಾನಿಗೆ ಹೋಗಬೇಕಾಯಿತು. ನಮ್ಮ ಮದ್ರಸಗಳಲ್ಲಿ ಗುಲಿಸ್ತಾನ್, ಬೋಸ್ತಾನ್ ಓದುವ ಪರಂಪರೆಯಿತ್ತು, ಕೆಲವೆಡೆ ಇಂದಿಗೂ ಇದೆ. ಕನ್ನಡವನ್ನು ನಾವು ಬೀದಿಯಲ್ಲೂ ಶಾಲೆಯಲ್ಲೂ ಕಲಿಯುತ್ತೇವೆ. ಆದರೆ ಮದ್ರಸದಿಂದ ಹೊರಬಂದ ತರುಣನಿಗೆ ದಾಖಲೆಯನ್ನು ಹೇಗೆ ಪ್ರಶ್ನಿಸಬೇಕೆಂದು ಯಾರೂ ಕಲಿಸುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಓದಿದ ತರುಣನಿಗೆ ಆ ಲಿಪಿಯೇ ಬಾರದು. ಮದ್ರಸದ ಚಾಪೆಯ ಮೇಲೂ ಕಲಾ ಕಾಲೇಜಿನ ಬೆಂಚಿನ ಮೇಲೂ ಕುಳಿತ ನಾವು ಈ ಎರಡರ ನಡುವಿನ ಕಂದಕವನ್ನು ಕಣ್ಣಾರೆ ಕಂಡಿದ್ದೇವೆ. ಅದನ್ನು ದಾಟುವ ಹತ್ತು ಮಂದಿ ಸಿಕ್ಕರೆ ನಾಡಿನ ಚರಿತ್ರೆಯ ಮುಖವೇ ಬದಲಾಗಬಲ್ಲದು.

ಕೆಲಸ ನಡೆದೇ ಇಲ್ಲವೆಂದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಊರೂರು ತಿರುಗಿ 1998ರಲ್ಲಿ 'ಕರ್ನಾಟಕದ ಸೂಫಿಗಳು' ಕೃತಿಯನ್ನು ಕೊಟ್ಟರು. ಬಳಿಕ ನಾಥಪಂಥ, ಶಾಕ್ತಪಂಥ, ಮೊಹರಂ ಆಚರಣೆಗಳ ಕುರಿತೂ ಬರೆದರು. ಆದಿಲ್ ಶಾಹಿ ಕಾಲದ ಫಾರ್ಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಯೋಜನೆ ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನಾ ಕೇಂದ್ರದಿಂದ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು 2015ರಲ್ಲಿ ಹಂತಕರ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿ. ವಚನಗಳ ಸಂಪಾದನೆಗೆ ಬಾಳು ಸವೆಸಿದ ವಿದ್ವಾಂಸರು ಆದಿಲ್ ಶಾಹಿ ಗ್ರಂಥಗಳನ್ನೂ ತಮ್ಮ ನಾಡಿನ ಆಸ್ತಿಯೆಂದು ಬಗೆದರು. ಅವು ನಮ್ಮ ಆಸ್ತಿಯೆಂದು ನಮಗೇಕೆ ಅನಿಸಲಿಲ್ಲ?

ನಮ್ಮ ಊರುಗಳ ಹಳೆಯ ಮಸೀದಿಗಳಲ್ಲಿ, ದರ್ಗಾಗಳಲ್ಲಿ, ಖಾಝಿ ಮನೆತನಗಳ ಪೆಟ್ಟಿಗೆಗಳಲ್ಲಿ ಸನದು, ಶಜರಾ, ನಿಕಾಹ್ ದಫ್ತರುಗಳಿವೆ. ಕೆಲವನ್ನು ಗೆದ್ದಲು ತಿನ್ನುತ್ತಿದೆ, ಕೆಲವನ್ನು ಸುಣ್ಣ ಬಳಿಯುವ ದಿನ ಕಸದೊಂದಿಗೆ ಹೊರಗೆ ಹಾಕಲಾಗುತ್ತದೆ. ದರ್ಗಾಗಳಲ್ಲಿ ನಡೆಯುವ ಕೆಲವು ಆಚರಣೆಗಳನ್ನು ನಾವು ಒಪ್ಪದಿರಬಹುದು. ಅದು ಬೇರೆ ಚರ್ಚೆ. ಆಚರಣೆಯನ್ನು ಒಪ್ಪದವನು ಕಾಗದವನ್ನು ಸುಡಬೇಕಾಗಿಲ್ಲ. ಆಸ್ತಿಯ ಒಡೆತನವನ್ನು ಕಾಗದ ಕೇಳಿಯೇ ನಿರ್ಧರಿಸುವ ಈ ಕಾಲದಲ್ಲಿ ಅಂತಹ ಒಂದು ಹಾಳೆಯ ಬೆಲೆಯೇನೆಂದು ಜಮಾಅತ್ ಸಮಿತಿಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಜಮಾಅತ್ತೂ ಇರುವ ಕಾಗದಗಳ ಪಟ್ಟಿ ಮಾಡಲಿ, ಒಂದೊಂದರ ಚಿತ್ರ ತೆಗೆದಿಡಲಿ, ಮೂಲವನ್ನು ಒಣಗಿದ ಜಾಗದಲ್ಲಿ ಕಾಪಾಡಲಿ. ಇದಕ್ಕೆ ದೊಡ್ಡ ಹಣವೇನೂ ಬೇಡ.

'ಬಿ.ಎ. ಓದಿದರೆ ಅನ್ನ ಎಲ್ಲಿಂದ?' ಎಂಬ ಹೆತ್ತವರ ಪ್ರಶ್ನೆ ನ್ಯಾಯವಾದುದೇ. ಸಂಶೋಧನೆಯ ದಾರಿ ದೀರ್ಘ, ಸಂಬಳ ತಡ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದನ್ನು ಮರಳಿ ಕೇಳುವುದು ನಮ್ಮ ಹಕ್ಕು. ಆದರೆ ಮದುವೆಯ ಒಂದು ರಾತ್ರಿಗೆ ಲಕ್ಷಗಳನ್ನು ಚೆಲ್ಲುವ ಸಮುದಾಯವು ಒಬ್ಬ ಸಂಶೋಧಕನಿಗೆ, ಒಬ್ಬ ಸಂಶೋಧಕಿಗೆ ಐದು ವರ್ಷ ಆಸರೆಯಾಗಲು ಆಗದೆನ್ನುವುದನ್ನು ನಾವು ಒಪ್ಪಲಾರೆವು. ಎಲ್ಲ ಮಕ್ಕಳೂ ಇತಿಹಾಸ ಓದಬೇಕೆಂದು ನಾವು ಹೇಳುತ್ತಿಲ್ಲ. ಹಳೆಯ ಕಲ್ಲುಗಳನ್ನೂ ಕಾಗದಗಳನ್ನೂ ಕಂಡು ಕಣ್ಣರಳಿಸುವ ಮಗು ನಿಮ್ಮ ಮನೆಯಲ್ಲಿದ್ದರೆ ಅದರ ಕೈ ಹಿಡಿದು ಎಳೆಯಬೇಡಿ ಎಂದಷ್ಟೇ ಕೋರುತ್ತೇವೆ.

ಆ ಮಗು ನಾಳೆ ನಮಗೆ ಇಷ್ಟವಾಗದ ಸತ್ಯವನ್ನೂ ಬರೆಯಬಹುದು. ನಮ್ಮ ಮನೆತನ ಅರೇಬಿಯಾದಿಂದ ಬಂದುದಲ್ಲ, ಇದೇ ಊರಿನ ನೇಕಾರರ ಕೇರಿಯಿಂದ ಬಂದುದು ಎನ್ನಬಹುದು. ನಾವು ಹೊಗಳಿದ ಅರಸನು ಹೊಗಳಿಕೆಗೆ ಅರ್ಹನಲ್ಲ ಎನ್ನಬಹುದು. ಅಂದು ಆ ಮಗುವಿನ ಬರಹವನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ನಮಗಿರಲಿ. ಅಷ್ಟು ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತಾ ಮಾತು ಮುಗಿಸುತ್ತೇವೆ.